ವಾಡೆ ಅಂದ್ರ ನಿಮ್ಮ ಬ್ಯಾಕ್‌ಗ್ರೌಂಡ್ ಅಲ್ಲ

1/6
ರೀಲ್ಸ್ ದೋಸ್ತರ, ಪ್ರಿ-ವೆಡ್ಡಿಂಗ್ ಶೂಟ್ ಮಾಡಸೋ ಅಣ್ಣಾರ, ಅಕ್ಕಾರ, ಈ ಸರಣಿ ನಿಮ್ಮ ಮ್ಯಾಲಿನ ಸಿಟ್ಟಿಗೇ ಬರದದ್ದು. ಬೈರಿ, ಆದ್ರ ಪೂರ್ತಿ ಓದಿ ಬೈರಿ.

ನಮ್ಮ ಕ್ಲಾಸ್ ಗ್ರೂಪಿನ್ಯಾಗ ಒಂದ ದಿನ ಎರಡು ಫೋಟೋ ಬಂದುವು. ಒಂದು ಇಂಗ್ಲೆಂಡಿನ ಹೈಕ್ಲೇರ್ ಕ್ಯಾಸಲ್, ‘ಡೌನ್‌ಟನ್ ಆ್ಯಬಿ’ ಸೀರಿಯಲ್ ಶೂಟ್ ಆದ ಮನಿ. ಇನ್ನೊಂದು ಧಾರವಾಡದ ಕಡೆದ್ದ ಒಂದು ವಾಡೆ: ಅರ್ಧ ಗ್ವಾಡಿ ಬಿದ್ದೈತಿ, ದೊಡ್ಡ ಬಾಗಿಲದಾಗ ಶೇರ್ವಾನಿ ಹಾಕ್ಕೊಂಡ ಜೋಡಿ, ಕೆಳಗ ‘ರಾಯಲ್ ವೈಬ್ಸ್’. ಹೈಕ್ಲೇರ್‌ಗೆ ಇವತ್ತಿನ ರೂಪ ಕೊಟ್ಟಾಂವ ಚಾರ್ಲ್ಸ್ ಬ್ಯಾರಿ, ಲಂಡನ್ನಿನ ಪಾರ್ಲಿಮೆಂಟ್ ಕಟ್ಟಡಾನೂ ಅವನ್ದ ಅಂತ ಒಬ್ಬರು ಟೈಪ್ ಮಾಡಿದ್ರು. ಭೇಷ್. ನಮ್ಮ ವಾಡೆ ಯಾವೂರಿಂದು ಅಂತ ಒಬ್ಬರೂ ಕೇಳಲಿಲ್ಲ.

2/6
ಇಲ್ಲಿ ಫೋಟೋ ದೊಡ್ಡದು ಮಾಡಿ ನೋಡ್ರಿ. ದೊಡ್ಡ ಬಾಗಿಲದೊಳಗ ಒಂದು ಸಣ್ಣ ದಿಡ್ಡಿ ಬಾಗಿಲ ಐತಿ. ಯಾಕ? ಒಳಗ ಹೋಗಾಂವ ಬಗ್ಗಬೇಕು, ಒಬ್ಬೊಬ್ಬನ ಹೋಗಬೇಕು. ಕಾವಲೂ ಆತು, ಗೌರವ ಕೊಡಸಿಕೊಂಡಂಗೂ ಆತು. ದಾಟಿದ್ರ ದೇವಡಿ, ಎರಡೂ ಕಡೆ ಕಟ್ಟೆ. ಆಮ್ಯಾಲ ಅಂಗಳ, ಅಂಗಳದ ಸುತ್ತ ಪಡಸಾಲಿ. ತೇಗಿನ ಕಂಬ, ಕಂಬದ ಮ್ಯಾಲ ಬೋದಿಗೆ, ಬೋದಿಗೆ ಮ್ಯಾಲ ತೊಲಿ, ತೊಲಿ ಮ್ಯಾಲ ಜಂತಿ, ಅದರ ಮ್ಯಾಲ ಮಣ್ಣಿನ ಮಾಳಿಗಿ. ಗ್ವಾಡಿ ದಪ್ಪ ಇರೋದು ಬರೇ ಡೌಲಿಗೆ ಅಲ್ಲ, ಏಪ್ರಿಲ್ ಬಿಸಿಲಿಗೆ. ಎ.ಸಿ. ಇಲ್ಲದ ಮಧ್ಯಾಹ್ನ ಪಡಸಾಲಿಯೊಳಗ ಒಮ್ಮೆ ಕೂತು ನೋಡ್ರಿ, ಗೊತ್ತಾಗತೈತಿ.

ಇಷ್ಟೆಲ್ಲಾ ನಿಂತದ್ದು ಕೂಲಿ ಮ್ಯಾಲ. ಮಳಿಗಾಲಕ್ಕ ಮುಂಚೆ ಮಾಳಿಗಿ ಮ್ಯಾಲ ಮಣ್ಣು ಹಾಕಿ ಬಡದು ಗಟ್ಟಿ ಮಾಡಬೇಕು. ಅದನ್ನ ಬಿಟ್ರ ನೀರು ಗ್ವಾಡಿ ತಲಿಗೆ ಇಳೀತೈತಿ, ಜಂತಿ ಕೊಳೀತಾವ, ಗ್ವಾಡಿ ಹೊಟ್ಟಿ ಬಿಡತೈತಿ. ವಾಡೆ ‘ಶಾಪ’ದಿಂದ ಬೀಳೂದಿಲ್ರೀ, ಸೋರಿ ಬೀಳತೈತಿ.

3/6
ಈಗ ಇನ್ನೊಂದು ಪಾರ್ಟಿಗೆ ಉತ್ತರ. ‘ದೇಸಾಯರ ಮನಿ ಬಿದ್ರ ನಮಗೇನ? ದಬ್ಬಾಳಿಕಿ ಮಾಡಿದವರ ಮನಿ’ ಅಂತ ಕಮೆಂಟ್ ಬರತಾವ. ಈ ಸಿಟ್ಟು ನನಗ ತಿಳೀತೈತಿ. ನಮ್ಮ ಮುತ್ತ್ಯಾ ಅಂಥಾದ ಒಂದು ವಾಡೆದ ಅಂಗಳದಾಗ ಕೆರವು ಕೈಯಾಗ ಹಿಡಕೊಂಡು ನಿಂತಾಂವ. ಕಟ್ಟೆ ಮ್ಯಾಲ ಕೂಡೋ ಹಕ್ಕು ಅವಂಗ ಇರಲಿಲ್ಲ. 1974ರ ಮಾರ್ಚ್ 1ಕ್ಕ ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು, ಉಳುವವ ಹೊಲದ ಒಡೆಯ ಆದ. ನಾನು ಇವತ್ತು ಧಾರವಾಡದಾಗ ಓದತೀನಂದ್ರ ಆ ಕಾಯ್ದೆದ್ದ ಪುಣ್ಯ. ವಾಡೆಗಳ ಕಾಳು-ಕಡಿ ನಿಂತದ್ದೂ ಅದರಿಂದನ. ಸರಿನ ಆತು.

ಆದ್ರ ಆ ಬೋದಿಗೆ ಮ್ಯಾಲಿನ ಗಿಣಿ, ಹೂಬಳ್ಳಿ ಕೆತ್ತಿದಾಂವ ದೇಸಾಯಿ ಏನು? ಬಡಿಗ್ಯಾರು ಕೆತ್ಯಾರ. ಗ್ವಾಡಿ ಎಬ್ಬಿಸಿದವರು ಗೌಂಡಿಗಳು, ಮಣ್ಣು ಹೊತ್ತವರು ನಮ್ಮಂಥವರ ಮನಿ ಹೆಣ್ಣುಮಕ್ಕಳು. ವಾಡೆ ಬಿದ್ರ ದೇಸಾಯರ ವಂಶಾವಳಿ ಎಲ್ಲಿಗೂ ಹೋಗೂದಿಲ್ಲ, ಅದು ಕಾಗದದಾಗ ಐತಿ. ಹೋಗೋದು ಇವರ ಕೈಗೆಲಸ.

ಮತ್ತ ಎಲ್ಲಾ ವಾಡೆದ್ದೂ ಒಂದ ಕತಿ ಅಲ್ಲ. ಸವದತ್ತಿ ತಾಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯರು (1861–1906) ತಮ್ಮ ಆಸ್ತೀನ ಮಕ್ಕಳ ಓದಿಗೆ ಬರದಿಟ್ಟು ಹ್ವಾದರು. ನವಲಗುಂದ-ಶಿರಸಂಗಿ ಟ್ರಸ್ಟಿನ ನೆರವಿನಿಂದ ಓದಿದವರು ನಿಮ್ಮ ಮನ್ಯಾಗೂ ಇರಬಹುದು, ಅಜ್ಜಾರನ್ನ ಕೇಳ್ರಿ.

4/6
ಅದ 1974ರಾಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಒಂದು ಪ್ರದರ್ಶನ ಇಟ್ಟಿತ್ತು: ಹಳ್ಳಿಗಾಡಿನ ದೊಡ್ಡ ಮನಿಗಳ ನಾಶದ ಬಗ್ಗೆ. ಹೌದ್ರೀ, ಅವರೂ ಕೆಡವತಿದ್ರು. ತೆರಿಗಿ ಭಾರ, ಆಳುಗಳಿಲ್ಲ, ಸೋರೋ ಮಾಳಿಗಿ, ಎಲ್ಲಾ ನಮ್ಮಂಗ. ನೂರು ವರ್ಷದಾಗ ಸಾವಿರಕ್ಕೂ ಹೆಚ್ಚು ಮನಿ ಹೋಗಿದ್ದುವು. ಉರುಳತಿರೋ ಕಂಬಗಳ ಮ್ಯಾಲ ಆ ಮನಿಗಳ ಫೋಟೋ ಅಂಟಿಸಿದ್ರು, ಹಿಂದಿನಿಂದ ಒಂದು ಧ್ವನಿ ಹೋದ ಮನಿಗಳ ಹೆಸರು ಓದತಿತ್ತು. ನೋಡಿದವರ ಮನಸ್ಸು ತಿರುಗಿತು.

ಫೋಟೋ ಮತ್ತ ಹೆಸರು, ಇಷ್ಟ. ನಮ್ಮ ಕಡೆ ಫೋಟೋ ಬೇಕಾದಷ್ಟು ಅದಾವ, ಎಲ್ಲಾದರಾಗೂ ನಿಮ್ಮ ಮುಖ ಐತಿ.

5/6
ಕಂಬ ಎಲ್ಲಿ ಹೋಗತಾವ ಅಂತೀರೇನು? ಕಟಗಿ ವ್ಯಾಪಾರಿ ಬಂದು ತೇಗು ಅಳತಿ ಮಾಡಿ ಒಯ್ಯತಾನ. ತಮಿಳುನಾಡಿನ ಕಾರೈಕುಡಿಯೊಳಗ ಚೆಟ್ಟಿನಾಡ ಮನಿಗಳ ಕಂಬ-ಬಾಗಿಲಾ ಮಾರೋ ಅಂಗಡಿಗಳ ಸಾಲ ಐತಿ. ನಮ್ಮವೂ ಯಾವದೋ ರೆಸಾರ್ಟಿನ ರಿಸೆಪ್ಷನ್ನಿನಾಗ ನಿಂತಾವು. ಅದ ರೆಸಾರ್ಟಿನ್ಯಾಗ ಸಿಮೆಂಟಿನ ‘ವಾಡೆ ಥೀಮ್’ ಊಟದ ಹಾಲ್. ಅಲ್ಲಿ ಪ್ಲೇಟಿಗೆ ರೊಕ್ಕ ಕೊಟ್ಟು ರೊಟ್ಟಿ ತಿಂದು ‘ನಮ್ಮ ಸಂಸ್ಕೃತಿ’ ಅಂತ ಸ್ಟೋರಿ ಹಾಕೋರಿಗೆ ನನ್ನ ದೊಡ್ಡ ನಮಸ್ಕಾರ.

ಕಿತ್ತೂರಿಗೆ ಹೋಗಿ ಬರ್ರಿ, ಧಾರವಾಡದಿಂದ ಬಸ್ಸಿನ್ಯಾಗ ಒಂದು ತಾಸಿನ ಹಾದಿ. 1824ರ ಯುದ್ಧ ಆದ ಮ್ಯಾಲ ಅರಮನಿ ಹಾಳಾತು; ಇವತ್ತು ಮುರದ ಗ್ವಾಡಿ, ತಳಪಾಯ ಅಷ್ಟ. ಆದ್ರೂ ಅಡಗಿಮನಿ ಎಲ್ಲಿ, ಬಚ್ಚಲಾ ಎಲ್ಲಿ, ನೀರು ಹೆಂಗ ಹರೀತಿತ್ತು ಅಂತ ನಡಕೋತ ಓದಬಹುದು. ಅಂಥಾದ್ದ ಹೊಸಾದು ಕಟ್ಟೂಣು ಅನ್ನೋರಿಗೆ ನನ್ನ ಪ್ರಶ್ನೆ: ನಿಂತಿರೋ ಹಳೇ ಮಾಳಿಗಿಗೆ ಈ ವರ್ಷ ಮಣ್ಣು ಹಾಕಸಾಕ ರೊಕ್ಕ ಯಾರ ಕೊಡತೀರಿ?

6/6
ದೀಪಾವಳಿ ಸೂಟಿಗೆ ಊರಿಗೆ ಹೋಗತೀರಲ್ಲ? ಮನಿಯವರನ್ನ ಕೇಳಿ ಒಳಗ ಹೋಗ್ರಿ. ಟೇಪ್ ಒಯ್ರಿ. ಕಂಬ ಎಣಿಸ್ರಿ. ದೊಡ್ಡ ಬಾಗಿಲದ್ದು ಒಂದು ಫೋಟೋ ಸಾಕು. ಹಿತ್ತಲ ಬಾಗಿಲದ್ದು ಎರಡು ತಗೀರಿ, ಆಳುಗಳು ಓಡಾಡಿದ್ದು ಅಲ್ಲಿಂದ. ಊರಿನ ವಯಸ್ಸಾದ ಬಡಿಗ್ಯಾರನ್ನ ಹುಡುಕಿ, ಬೋದಿಗೆ ಕೂಡಿಸೋದು ಹೆಂಗ ಅಂತ ಕೇಳಿ ವಿಡಿಯೋ ಮಾಡ್ರಿ. ಊರ ಹೆಸರು, ತಾಲೂಕು ಬರದು ನನಗ ಕಳಸ್ರಿ, ಇಲ್ಲೇ ಹಾಕತೀನಿ. ನಿಮ್ಮ ಸೆಲ್ಫಿ ಬ್ಯಾಡ.

ನಾಳೆ ಹಗೇವಿನ ಫೋಟೋ ಬರತೈತಿ. ಕಾಳು ತಗಿಯಾಕ ಹಗೇವಿನ್ಯಾಗ ಇಳದವರು ನಿಮ್ಮ ಮನ್ಯಾಗ ಯಾರರೆ ಇದ್ರ, ಇವತ್ತ ಕೇಳಿ ಕಮೆಂಟಿನ್ಯಾಗ ಬರೀರಿ.

#ವಾಡೆ #ಧಾರವಾಡ #ಹುಬ್ಬಳ್ಳಿ #ಶಿರಸಂಗಿ #ಕಿತ್ತೂರು #ಬೋದಿಗೆ