ಸೇನೆಯಲ್ಲಿ ಸವೆದ ಮೊಣಕಾಲಿಗೆ ಸೇನೆಯಲ್ಲೇ ಜಾಗ ಇಲ್ವಾ?

ಭಾರತೀಯ ಸೇನೆಯ ಸಿಪಾಯಿಗೆ ನಿವೃತ್ತಿ ಅನ್ನೋದು ಅರವತ್ತಕ್ಕೆ ಬರುವ ಮಾತಲ್ಲ. ಹದಿನೈದೋ ಹದಿನೇಳೋ ವರ್ಷ ದುಡಿದು, ಮೂವತ್ತೈದು ದಾಟಿದ ಕೂಡಲೇ ಬಹಳಷ್ಟು ಜನ ಸಮವಸ್ತ್ರ ಕಳಚುತ್ತಾರೆ. ಮಕ್ಕಳು ಇನ್ನೂ ಶಾಲೆಯಲ್ಲಿರುತ್ತಾರೆ, ಮನೆ ಸಾಲ ಅರ್ಧವೂ ತೀರಿರುವುದಿಲ್ಲ. ಅಂಥವರಿಗೆ ಮತ್ತೆ ಸಮವಸ್ತ್ರ ತೊಡಲು ಇರುವ ಮುಖ್ಯ ದಾರಿ ಡಿಫೆನ್ಸ್ ಸೆಕ್ಯುರಿಟಿ ಕೋರ್, ಅಂದರೆ ಡಿಎಸ್‌ಸಿ. 1947ರಲ್ಲಿ ಶುರುವಾದ ಈ ದಳದ ಕೇಂದ್ರ ಇರುವುದು ಕೇರಳದ ಕಣ್ಣೂರಿನಲ್ಲಿ. ರಕ್ಷಣಾ ನೆಲೆಗಳಿಗೆ ಕಾವಲು ಕಾಯುವುದು ಇದರ ಕೆಲಸ. ಇಲ್ಲಿ ಸಾಕಷ್ಟು ವರ್ಷ ದುಡಿದರೆ ಎರಡನೇ ಪಿಂಚಣಿಯೂ ಸಿಗುತ್ತದೆ.

ಆದರೆ ಬಾಗಿಲಲ್ಲೇ ಒಂದು ಬೋರ್ಡು: ಶೇಪ್-1.

ಶೇಪ್ ಅಂದರೆ ಸೇನೆ ದೇಹವನ್ನು ಅಳೆಯುವ ಐದಕ್ಷರದ ಲೆಕ್ಕ. ಮನಸ್ಸು, ಕಿವಿ, ಕೈಕಾಲು, ದೇಹದ ಒಟ್ಟು ಸಾಮರ್ಥ್ಯ, ಕಣ್ಣು. ಪ್ರತಿಯೊಂದಕ್ಕೂ 1ರಿಂದ 5ರವರೆಗೆ ದರ್ಜೆ. ಐದರಲ್ಲೂ 1 ಬಂದರೆ ಶೇಪ್-1. ಒಂದರಲ್ಲಿ ಕಾಯಂ ಆಗಿ 2 ಬಿತ್ತು ಅಂದರೆ ನೀವು 'ಲೋ ಮೆಡಿಕಲ್ ಕೆಟಗರಿ'.

ವಿಚಿತ್ರ ಇರುವುದು ಇಲ್ಲಿ. ಲೋ ಕೆಟಗರಿಗೆ ಬಿದ್ದ ಎಲ್ಲ ಸೈನಿಕರನ್ನೂ ಸೇನೆ ಮನೆಗೆ ಕಳಿಸುವುದಿಲ್ಲ. ಎತ್ತರದ ಗಡಿಗೆ ಹಾಕದೆ, ಭಾರ ಹೊರಿಸದೆ, ಅವರಿಗೆ ಹೊಂದುವ ಕೆಲಸ ಇದ್ದರೆ ಕೊಟ್ಟು ಉಳಿಸಿಕೊಳ್ಳುತ್ತದೆ. ಬೆನ್ನು ನೋವಿನ ಹವಾಲ್ದಾರರು, ಬಿಪಿ ಮಾತ್ರೆ ನುಂಗುವ ಸುಬೇದಾರರು ಹೀಗೆ ಅವಧಿ ಮುಗಿಯುವ ತನಕ ದುಡಿಯುತ್ತಾರೆ. 2023ರ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ ಹೊಸ ನಿಯಮಗಳಲ್ಲಿ, ಊನ ಇಟ್ಟುಕೊಂಡೇ ಸೇವೆ ಮುಂದುವರಿಸಿದವರ ಪರಿಹಾರಕ್ಕೆ 'ಇಂಪೇರ್‌ಮೆಂಟ್ ರಿಲೀಫ್' ಅಂತ ಪ್ರತ್ಯೇಕ ಹೆಸರೇ ಇದೆ. ಅಂದರೆ ಊನ ಇದ್ದೂ ಕೆಲಸ ಮಾಡಬಹುದು ಎಂದು ಸರ್ಕಾರವೇ ಒಪ್ಪಿದೆ. ಆದರೆ ಅದೇ ವ್ಯಕ್ತಿ ನಿವೃತ್ತನಾಗಿ ಕಾವಲು ಕೆಲಸಕ್ಕೆ ಅರ್ಜಿ ಹಾಕಿದರೆ ಅನರ್ಹ. ದೇಹ ಅದೇ. ಬದಲಾದದ್ದು ಫೈಲು ಮಾತ್ರ.

ಎಂಜಿನಿಯರಿಂಗ್‌ನಲ್ಲಿ ನಮಗೆ ಕಲಿಸಿದ ಮೊದಲ ಪಾಠಗಳಲ್ಲೊಂದು: ಒಂದು ಭಾಗ ಸರಿಯಿದೆಯೋ ಇಲ್ಲವೋ ಅನ್ನೋದು ಅದನ್ನು ಎಲ್ಲಿ ಬಳಸುತ್ತೀರಿ ಎಂಬುದರ ಮೇಲೆ ನಿಂತಿದೆ. ವಿಮಾನದ ಬೋಲ್ಟಿಗೆ ಬೇಕಾದ ನಿಖರತೆಯನ್ನು ಗೇಟಿನ ಬೋಲ್ಟಿಗೂ ಕೇಳಿದರೆ ಅದು ಗುಣಮಟ್ಟ ಅಲ್ಲ, ದಂಡ.

ಹಾಗಂತ ಸೇನೆಯ ವಾದವನ್ನು ತಳ್ಳಿಹಾಕಲೂ ಆಗಲ್ಲ. ಶಸ್ತ್ರಾಗಾರದ ಮುಂದೆ ರಾತ್ರಿಯಿಡೀ ಬಂದೂಕು ಹಿಡಿದು ನಿಲ್ಲುವವರಿಗೆ ಕಣ್ಣು, ಕಿವಿ, ಹೃದಯ ಚೆನ್ನಾಗಿರಲೇಬೇಕು. ಮನಸ್ಸಂತೂ ಇನ್ನೂ ಮುಖ್ಯ. ಇನ್ನೊಂದು ಕಾರಣ ದುಡ್ಡಿನದು. 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಸೇರುವಾಗ ಕಾಯಿಲೆ ದಾಖಲಾಗಿಲ್ಲದಿದ್ದರೆ ಆಗ ಆರೋಗ್ಯವಾಗಿದ್ದರು ಎಂದೇ ಭಾವಿಸಬೇಕು; ಮುಂದೆ ಆರೋಗ್ಯ ಕೆಟ್ಟು ಹೊರಬಂದರೆ ಅದು ಸೇವೆಯಿಂದಲೇ ಆದದ್ದು ಎಂದುಕೊಳ್ಳಬೇಕು; ಅಲ್ಲ ಎಂದು ಸಾಬೀತು ಮಾಡುವ ಹೊಣೆ ಸರ್ಕಾರದ್ದು. ಸೈನಿಕರ ಪಾಲಿಗೆ ಇದು ದೊಡ್ಡ ರಕ್ಷಣೆ. ಆದರೆ ಇದರಿಂದ 'ಫಿಟ್' ಎಂಬ ಪ್ರತಿ ಮೊಹರೂ ಮುಂದಿನ ಪಿಂಚಣಿಯ ಹೊಣೆಯಾಗುತ್ತದೆ. ಬಾಗಿಲಲ್ಲಿ ಇಷ್ಟು ಬಿಗಿ ಯಾಕೆ ಅನ್ನೋದಕ್ಕೆ ಅರ್ಧ ಉತ್ತರ ಇಲ್ಲೇ ಇದೆ ಅಂತ ನನ್ನ ಅಂದಾಜು.

ಆದರೆ ಈ ಭಯಕ್ಕೆ ಮದ್ದು ಹೊರಗಿಡುವುದಲ್ಲ, ಸರಿಯಾಗಿ ದಾಖಲಿಸುವುದು. ಮರಳಿ ಸೇರುವ ದಿನ ಇರುವ ಊನವನ್ನು ಶೇಕಡಾವಾರು ಬರೆದಿಡಿ. ಅದಕ್ಕಿಂತ ಹೆಚ್ಚಾದದ್ದಕ್ಕೆ ಮಾತ್ರ ಹೊಸ ಹಕ್ಕು ಅನ್ನಿ. ಯಾವ ಹುದ್ದೆಗೆ ಯಾವ ದರ್ಜೆ ಸಾಕು ಅಂತ ಪಟ್ಟಿ ಮಾಡಿ: ಸಶಸ್ತ್ರ ಕಾವಲಿಗೊಂದು, ಗುಮಾಸ್ತಿಕೆಗೊಂದು, ಸಿಸಿಟಿವಿ ಕೊಠಡಿಗೊಂದು. ಅಮೆರಿಕದ ರಕ್ಷಣಾ ಇಲಾಖೆಯಲ್ಲಿ ಸೇರುವವರ ಆರೋಗ್ಯಕ್ಕೆ ಒಂದು ಸಂಪುಟ, ಸೇವೆಯಲ್ಲಿ ಉಳಿಯುವವರಿಗೆ 2020ರಿಂದ ಇನ್ನೊಂದು ಸಂಪುಟ ಇದೆ. ನಮ್ಮಲ್ಲಿ ಮರಳುವವರಿಗೆ ಅಂತಲೇ ಮೂರನೆಯದೊಂದು ಯಾಕಿರಬಾರದು?

ಬಿಗಿ ನಿಯಮದ ಕೆಟ್ಟ ಪರಿಣಾಮ ಆಸ್ಪತ್ರೆಯ ರಿಜಿಸ್ಟರಿನಲ್ಲಿ ಕಾಣುವುದಿಲ್ಲ. ನೋವು ಹೇಳಿಕೊಂಡರೆ ಕೆಟಗರಿ ಇಳಿಯುತ್ತದೆ, ಕೆಟಗರಿ ಇಳಿದರೆ ಮುಂದಿನ ನೌಕರಿ ಹೋಗುತ್ತದೆ ಅಂತಾದರೆ ಯಾರು ತಾನೇ ಬಾಯಿ ಬಿಡುತ್ತಾರೆ? ನೋವು ನುಂಗಿಕೊಂಡು ಓಡುತ್ತಾರೆ. ಸಣ್ಣ ಉಳುಕು ದೊಡ್ಡ ಊನವಾಗುತ್ತದೆ.

ಈ ಒತ್ತಡ ಅತಿ ಹೆಚ್ಚು ಇರುವುದು ಅಗ್ನಿವೀರರ ಮೇಲೆ. 2022ರ ಜೂನ್ 14ರಂದು ಘೋಷಣೆಯಾದ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷದ ನಂತರ ಗರಿಷ್ಠ ಶೇ 25ರಷ್ಟು ಮಂದಿಗೆ ಮಾತ್ರ ಕಾಯಂ ಸೇವೆಯ ಅವಕಾಶ. ಅಷ್ಟೇ ಅಲ್ಲ, ಕಾಯಂ ಲೋ ಮೆಡಿಕಲ್ ಕೆಟಗರಿಗೆ ಬಿದ್ದ ಅಗ್ನಿವೀರ ಸೇವೆಯಲ್ಲೇ ಮುಂದುವರಿಯುವಂತಿಲ್ಲ ಎನ್ನುತ್ತದೆ ಸೇನೆಯ ನೇಮಕಾತಿ ಅಧಿಸೂಚನೆ. ಹಳೆಯ ಸಿಪಾಯಿಗೆ ಇದ್ದ 'ಬೇರೆ ಕೆಲಸ ಕೊಟ್ಟು ಉಳಿಸಿಕೊಳ್ಳುವ' ಕಿಟಕಿ ಇವರಿಗಿಲ್ಲ. ಶತ್ರುವಿನ ಗುಂಡಿನಷ್ಟೇ ತರಬೇತಿಯ ಮೈದಾನವೂ ಮೊಣಕಾಲು ಮುರಿಯಬಲ್ಲದು ಅನ್ನೋದನ್ನು ಮರೆಯಬೇಡಿ.

ಮೊದಲ ತಂಡ ತರಬೇತಿಗೆ ಸೇರಿದ್ದು 2023ರ ಆರಂಭದಲ್ಲಿ. ಅವರ ನಾಲ್ಕು ವರ್ಷ ಮುಗಿಯುವ ಹೊತ್ತಿಗೆ ಯಾರನ್ನು ಉಳಿಸಿಕೊಂಡರು ಅನ್ನೋ ಲೆಕ್ಕ ಪತ್ರಿಕೆಗಳಲ್ಲಿ ಬರುತ್ತದೆ. ಅದರ ಪಕ್ಕದಲ್ಲೇ ಇನ್ನೊಂದು ಲೆಕ್ಕವನ್ನೂ ರಕ್ಷಣಾ ಸಚಿವಾಲಯ ಕೊಡಬೇಕು: ಸೇರುವಾಗ ಫಿಟ್ ಇದ್ದು, ಸೇವೆಯಲ್ಲೇ ಗಾಯಗೊಂಡು, ಅದೇ ಕಾರಣಕ್ಕೆ ಹೊರಬಿದ್ದವರು ಎಷ್ಟು ಮಂದಿ? ಆ ಸಂಖ್ಯೆ ಮೇಜಿನ ಮೇಲೆ ಬರುವ ತನಕ, ಶೇಪ್-1 ಅನ್ನೋದು ಆರೋಗ್ಯದ ಮಾನದಂಡವೋ, ಖರ್ಚು ಉಳಿಸುವ ಜರಡಿಯೋ ಅಂತ ಕೇಳುತ್ತಲೇ ಇರಬೇಕಾಗುತ್ತದೆ.