ಚಿತ್ರದ ಪಕ್ಕದಲ್ಲಿ ರೋಹಿತವೂ ಇರಲಿ

ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು ನಾನು. ಪತ್ರಿಕೆಯಲ್ಲಿ ಗೆಲಾಕ್ಸಿಯ ಬಣ್ಣದ ಚಿತ್ರ ಬಂದರೆ ಕತ್ತರಿಸಿ ತರಗತಿಯ ಗೋಡೆಗೆ ಹಚ್ಚುತ್ತೇನೆ. ಮಕ್ಕಳು ಮುತ್ತಿಕೊಂಡು ನೋಡಿ, ‘ಮಿಸ್, ಅಷ್ಟು ದೂರದ್ದು ಇವರಿಗೆ ಹೇಗೆ ಗೊತ್ತಾಯ್ತು?’ ಎಂದು ಕೇಳುತ್ತಾರೆ. ಚಿತ್ರ ಇದಕ್ಕೆ ಉತ್ತರ ಹೇಳುವುದಿಲ್ಲ. ಉತ್ತರವಿರುವುದು ರೋಹಿತದಲ್ಲಿ, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿಯಲ್ಲಿ. ಅದನ್ನು ಮಾತ್ರ ಯಾರೂ ಅಚ್ಚು ಹಾಕುವುದಿಲ್ಲ.

ತಿಮಿಂಗಿಲ ನಕ್ಷತ್ರಪುಂಜದ ದಿಕ್ಕಿನಲ್ಲಿರುವ ಎಂ77 ಗೆಲಾಕ್ಸಿಯನ್ನೇ ತೆಗೆದುಕೊಳ್ಳಿ. ನಡುವೆ ಅಡ್ಡಪಟ್ಟಿಯಿರುವ ಸುರುಳಿ. ದೂರ ಸುಮಾರು 4.7 ಕೋಟಿ ಜ್ಯೋತಿರ್ವರ್ಷ. 1780ರಲ್ಲಿ ಪಿಯರ್ ಮೆಷಾಂ ಕಂಡಾಗ ಅದೊಂದು ಮಸುಕು ಮಚ್ಚೆ. 1908ರಲ್ಲಿ ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯದಲ್ಲಿ ಎಡ್ವರ್ಡ್ ಫಾತ್ ಅದರ ಬೆಳಕನ್ನು ಬಿಡಿಸಿ ನೋಡಿದರು. ಬರೀ ನಕ್ಷತ್ರಗಳ ಬೆಳಕಾಗಿದ್ದರೆ ಇರಬಾರದ ಹೊಳೆಯುವ ಗೆರೆಗಳು ಅಲ್ಲಿದ್ದವು. ಆ ಗೆರೆಗಳು ವಿಪರೀತ ಅಗಲವಾಗಿವೆ ಎಂದು 1943ರಲ್ಲಿ ಕಾರ್ಲ್ ಸೀಫರ್ಟ್ ತೋರಿಸಿದರು. ಗೆರೆಗಳನ್ನು ಹೊಮ್ಮಿಸುವ ಅನಿಲದ ವೇಗ ಹೆಚ್ಚಿದಷ್ಟೂ ಗೆರೆ ಹರಡಿಕೊಳ್ಳುತ್ತದೆ. ಇಲ್ಲಿನ ವೇಗ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್. ಹಾಗೆ ಓಡಿಸುತ್ತಿರುವುದು ಕೇಂದ್ರದಲ್ಲಿ ಕೂತ ದೈತ್ಯ ಕಪ್ಪುಕುಳಿ.

ಆ ಕೇಂದ್ರ ನಮಗೆ ನೇರವಾಗಿ ಕಾಣುವುದಿಲ್ಲ, ದಟ್ಟ ದೂಳು ಅಡ್ಡವಿದೆ. 1985ರಲ್ಲಿ ರಾಬರ್ಟ್ ಆಂಟೊನುಚಿ ಮತ್ತು ಜೋಸೆಫ್ ಮಿಲ್ಲರ್ ಧ್ರುವೀಕೃತ ಬೆಳಕನ್ನಷ್ಟೇ (ಚದುರಿದಾಗ ಬೆಳಕಿನ ಕಂಪನ ಹೆಚ್ಚಾಗಿ ಒಂದೇ ದಿಕ್ಕಿಗೆ ಸೀಮಿತವಾಗುತ್ತದೆ) ಬೇರ್ಪಡಿಸಿ ಅದರ ರೋಹಿತ ತೆಗೆದರು. ದೂಳಿನ ಮರೆಯಿಂದ ಹೊರಟು, ಅನಿಲಕ್ಕೆ ತಾಗಿ ಚದುರಿ ನಮ್ಮತ್ತ ತಿರುಗಿದ ಬೆಳಕು ಸಿಕ್ಕಿತು. 2022ರಲ್ಲಿ ದಕ್ಷಿಣ ಧ್ರುವದ ಐಸ್‌ಕ್ಯೂಬ್ ಪತ್ತೆಯಂತ್ರದ ತಂಡ, ದೂಳನ್ನೂ ದಾಟಿ ಬರುವ ನ್ಯೂಟ್ರಿನೊ ಎಂಬ ಕಣಗಳಲ್ಲಿ ಸುಮಾರು 79 ಅದೇ ದಿಕ್ಕಿನಿಂದ ಬಂದದ್ದನ್ನು ಗುರುತಿಸಿತು. ಇದ್ಯಾವುದೂ ಚಿತ್ರದ ಅಂದ ನೋಡಿ ಹೊಳೆದದ್ದಲ್ಲ. ಗೆರೆ ಅಳೆದು, ಲೆಕ್ಕ ಹಾಕಿ, ಒಬ್ಬರ ಕೆಲಸವನ್ನು ಇನ್ನೊಬ್ಬರು ಮುಂದುವರಿಸಿ ಗಳಿಸಿದ ಅರಿವು.

ರೋಹಿತ ಓದುಗರಿಗೆ ಕಷ್ಟ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕ್ರಿಕೆಟ್ಟಿನ ರನ್‌ರೇಟ್ ನಕ್ಷೆಯ ಮೇಲೆ ಬೆರಳಿಟ್ಟು ಪಂದ್ಯ ಎಲ್ಲಿ ತಿರುಗಿತೆಂದು ಹೇಳುವ ಹುಡುಗರು ನಮ್ಮವರು. ಹಳೆಯ ಸಿ.ಡಿ.ಯನ್ನು ಸಿಎಫ್‌ಎಲ್ ಬಲ್ಬಿನ ಬೆಳಕಿಗೆ ಹಿಡಿದರೆ ಬಣ್ಣಗಳು ಬಿಡಿಬಿಡಿಯಾಗಿ ಕಾಣುತ್ತವೆ, ಎಲ್‌ಇಡಿಗೆ ಹಿಡಿದರೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಎರಡೂ ಬಿಳಿ ಬೆಳಕು ಒಂದೇ ಅಲ್ಲವೆಂದು ಮಕ್ಕಳೇ ಕಂಡುಹಿಡಿಯುತ್ತಾರೆ. ಫಾತ್ ಕಂಡದ್ದನ್ನು ವಿವರಿಸಲು ನನಗೆ ಅಷ್ಟು ಸಾಕು.

ಸಂಪಾದಕರಲ್ಲಿ, ಪಠ್ಯಪುಸ್ತಕ ಬರೆಯುವವರಲ್ಲಿ ನನ್ನದೊಂದು ಕೋರಿಕೆ. ಗೆಲಾಕ್ಸಿಯ ಚಿತ್ರ ಹಾಕುವಾಗ ಕೆಳಗೊಂದಿಷ್ಟು ಜಾಗದಲ್ಲಿ ಅದರ ರೋಹಿತವನ್ನೂ ಹಾಕಿ. ಯಾವ ಗೆರೆ ಯಾವ ಧಾತುವಿನದು, ಅದರ ಅಗಲ ಏನು ಹೇಳುತ್ತದೆ ಎಂದು ಎರಡು ಸಾಲು ಬರೆಯಿರಿ. ಮಿಕ್ಕದ್ದನ್ನು ತರಗತಿಯಲ್ಲಿ ನಾವು ನೋಡಿಕೊಳ್ಳುತ್ತೇವೆ.