ಊಹಿಸಿದರೆ ಸಾಲದು, ಕೇಳಿಯೂ ನೋಡಬೇಕು

ಗೆಳೆಯನ ಬೆರಳು ಬಾಗಿಲ ಸಂದಿಗೆ ಸಿಕ್ಕಿದರೆ ನಾವೂ 'ಸ್ಸ್' ಅಂತ ಕೈ ಎಳ್ಕೊಳ್ತೀವಿ. ಪೆಟ್ಟು ಬಿದ್ದದ್ದು ಅವನಿಗೆ. ನಮಗ್ಯಾಕೆ ಚುರ್ ಅನ್ನಬೇಕು?

2004ರಲ್ಲಿ ಟಾನಿಯಾ ಸಿಂಗರ್ ಮತ್ತು ಸಂಗಡಿಗರು ಲಂಡನ್ನಿನಲ್ಲಿ ಇದನ್ನು ಪರೀಕ್ಷಿಸಿದರು. 16 ಮಹಿಳೆಯರನ್ನು ಒಬ್ಬೊಬ್ಬರಾಗಿ ಮಿದುಳಿನ ಸ್ಕ್ಯಾನರ್‌ನಲ್ಲಿ ಮಲಗಿಸಿ, ಒಮ್ಮೆ ಅವರ ಕೈಗೆ, ಒಮ್ಮೆ ಪಕ್ಕದಲ್ಲಿದ್ದ ಸಂಗಾತಿಯ ಕೈಗೆ ವಿದ್ಯುತ್ತಿನಿಂದ ಚುರುಕು ಮುಟ್ಟಿಸಿದರು. ಸಂಗಾತಿಯ ಮುಖ ಅವರಿಗೆ ಕಾಣುತ್ತಿರಲಿಲ್ಲ. ನೋವು ಯಾರಿಗೆ ಅನ್ನುವುದನ್ನು ಪರದೆಯ ಮೇಲಿನ ಗುರುತು ತಿಳಿಸುತ್ತಿತ್ತು, ಅಷ್ಟೆ. ಆದರೂ ತಮಗೇ ನೋವಾದಾಗ ಚುರುಕಾಗುವ ಮಿದುಳಿನ ಕೆಲವು ಭಾಗಗಳು ಆಗಲೂ ಚುರುಕಾದವು. ಕಣ್ಣಿಗೆ ಕಾಣದ್ದನ್ನು ಕಲ್ಪನೆ ತುಂಬಿಕೊಟ್ಟಿತು ಅಂತಲೇ ಹೇಳಬೇಕು.

ಇದು ಭಾವನೆಯ ಅನುಭೂತಿ. ಇನ್ನೊಂದು ಅರಿವಿನ ಅನುಭೂತಿ, ಅಂದರೆ ಎದುರಿನವರ ಮನಸ್ಸಿನಲ್ಲಿ ಏನಿದೆ, ಯಾಕಿದೆ ಅಂತ ತಿಳಿಯುವುದು. ಇದಕ್ಕೂ ಕಲ್ಪನೆ ಬೇಕು. ತೊಂದರೆ ಇರುವುದೂ ಇಲ್ಲೇ. ನಮ್ಮ ಕಲ್ಪನೆ ನಮ್ಮ ಅನುಭವದಿಂದಲೇ ಹೊರಡುತ್ತೆ.

ಕೊಯಮತ್ತೂರಿನಿಂದ ಮೇಟ್ಟುಪಾಳ್ಯಂ ರಸ್ತೆಯಲ್ಲಿ ಹೋದರೆ ಪೆರಿಯನಾಯಕನಪಾಳ್ಯಂ ಸಿಗುತ್ತದೆ. ಗಿರಣಿ, ಕಾರ್ಖಾನೆಗಳ ಕಡೆಯ ಊರು. ಕನ್ನಡ ಮಾತ್ರ ಬರುವ ಹುಡುಗಿಯೊಬ್ಬಳು ಅಲ್ಲಿನ ತಮಿಳು ಶಾಲೆಗೆ ಹೊಸದಾಗಿ ಸೇರಿದಳು ಅಂತಿಟ್ಕೊಳ್ಳಿ. ಆಟದ ಹೊತ್ತಿನಲ್ಲಿ ಒಬ್ಬಳೇ ಕೂತಿರ್ತಾಳೆ. ಒಬ್ಬ 'ಜಂಬ' ಅಂತಾನೆ. ಇನ್ನೊಬ್ಬಳು 'ಪಾಪ, ಊರು ನೆನಪಾಗಿರಬೇಕು' ಅಂತಾಳೆ. ಎರಡನೆಯದು ಒಳ್ಳೆ ಮನಸ್ಸಿನ ಊಹೆ. ಆದರೂ ಅದು ತಪ್ಪಿರಬಹುದು. ಆಟದ ನಿಯಮ ಅರ್ಥವಾಗದೆ ಅವಳು ಕೂತಿದ್ದರೆ, ಎಷ್ಟು 'ಪಾಪ' ಅಂದರೂ ಅವಳು ಆಟಕ್ಕೆ ಬರುವುದಿಲ್ಲ.

2018ರಲ್ಲಿ ತಾಲ್ ಎಯಾಲ್, ಮೇರಿ ಸ್ಟೆಫೆಲ್, ನಿಕೊಲಸ್ ಎಪ್ಲಿ 25 ಪ್ರಯೋಗಗಳನ್ನು ಪ್ರಕಟಿಸಿದರು. 'ಅವರ ಜಾಗದಲ್ಲಿ ನಿಂತು ಯೋಚಿಸಿ' ಅಂತ ಹೇಳಿದ್ದರಿಂದ ಜನರ ಊಹೆ ಹೆಚ್ಚು ಸರಿಯಾಗಲಿಲ್ಲ. ನೇರವಾಗಿ ಮಾತಾಡಿ ಕೇಳಿದಾಗ ಸರಿಯಾಯಿತು.

ಹಾಗಂತ ಕಲ್ಪನೆ ಬೇಡ ಅಂತಲ್ಲ. ಕಲ್ಪನೆ ಇಲ್ಲದಿದ್ದರೆ 'ಇವಳು ಯಾಕೆ ಕೂತಿದ್ದಾಳೆ?' ಅನ್ನುವ ಪ್ರಶ್ನೆಯೇ ಹುಟ್ಟುವುದಿಲ್ಲ. ಆದರೆ ವಿಜ್ಞಾನದಲ್ಲಿ ಊಹೆ ಮಾಡಿ ಅಲ್ಲಿಗೇ ಬಿಡುತ್ತೇವೆಯೇ? ಪರೀಕ್ಷಿಸುತ್ತೇವೆ. ಸ್ನೇಹದಲ್ಲೂ ಅದೇ ಕ್ರಮ ಇರಲಿ ಅನ್ನುವುದು ನನ್ನ ಅಭಿಪ್ರಾಯ.

ನಿಮ್ಮ ಕನ್ನಡ ಶಾಲೆಗೂ ನಾಳೆ ತಮಿಳಿನ, ಹಿಂದಿಯ ಮಗು ಬರಬಹುದು. ಮೊದಲು ಊಹಿಸಿ. ಆಮೇಲೆ ಹತ್ತಿರ ಹೋಗಿ ಕೇಳಿ. ಮಾತು ಬರದಿದ್ದರೆ ಕೈಸನ್ನೆ ಇದೆ, ನೆಲದ ಮೇಲೆ ಚಿತ್ರ ಬರೆಯಲು ಒಂದು ಕಡ್ಡಿ ಇದ್ದರೂ ಸಾಕು.